ಪಟಾಕಿ ಕಣ್ಣು ಮುಚ್ಚಲ್ಲ

ನನ್ನ ಮೊಮ್ಮಗಳನ್ನ ಶಿಶುವಿಹಾರದಿಂದ ತೆಗೀತಾರಂತೆ! ನಾಲ್ಕು ವರ್ಷದ ಕೂಸು, ಚಪ್ಪಲಿ ಎಡ ಯಾವುದು ಬಲ ಯಾವುದು ಅಂತ ಇನ್ನೂ ಗೊತ್ತಾಗಲ್ಲ, ಅದರ ಮೇಲೆ ದೂರು. ಫೋನ್ ಬಂದಾಗ ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್‌ಗಳಿಗೆ ಇಸ್ತ್ರಿ ಹಾಕ್ತಿದ್ದೆ. ಮೇಸ್ತ್ರಿಗೆ "ಹೋಗಿ ಬರ್ತೀನಿ" ಅಂದೆ. "ಈಗಲೇನಾ?" ಅಂದ. "ಇಲ್ಲಪ್ಪ, ಮುಂದಿನ ವರ್ಷ" ಅಂದವಳೇ ಹೊರಟೆ.

ಮನೇಲಿ ಅವಳನ್ನ ಪಟಾಕಿ ಅಂತೀವಿ. ಬಾಯಿ ನನ್ನದೇ ಬಂದಿದೆ. ಅವಳಮ್ಮ, ಅಂದ್ರೆ ನನ್ನ ಮಗಳು, ರೆಡಿಮೇಡ್ ಫ್ಯಾಕ್ಟರಿಯಲ್ಲಿ ಶರ್ಟಿಗೆ ಕಾಲರ್ ಹೊಲೀತಾಳೆ. ಮುಂಚೆ ಮಗು ನೋಡಿಕೊಳ್ಳೋಕೆ ನಮ್ಮ ಯಜಮಾನರಿದ್ದರು. ಈಗ ಅವರೂ ಇಲ್ಲ, ಹೋಗಿ ಎರಡು ತಿಂಗಳಾಯ್ತು. ಫೀಸಿಲ್ಲದ ಶಿಶುವಿಹಾರ ಅಂದ್ರೆ ಈ ಕಡೆ ಅದೊಂದೇ. ಅಲ್ಲಿಂದ ತೆಗೆದ್ರೆ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. ಬಿಟ್ಟು ತಿನ್ನೋದೇನು, ಗಾಳೀನಾ?

ಅಲ್ಲಿಗೆ ಹೊಸದಾಗಿ ಒಬ್ಬರು ಮೇಡಂ ಬರ್ತಾರೆ. ಮಕ್ಕಳೆಲ್ಲ 'ಉಸಿರು ಮಿಸ್' ಅಂತಾರೆ. ದುಡ್ಡಿಗೆ ಕಷ್ಟ ಇರೋ ಮನೆಗಳಲ್ಲಿ ಪುಟ್ಟ ಮಕ್ಕಳ ಮನಸ್ಸಿಗೂ ಗಾಬರಿ ಜಾಸ್ತಿಯಂತೆ, ಅದಕ್ಕೆ ಊಟಕ್ಕೆ ಮುಂಚೆ ಚಾಪೆ ಮೇಲೆ ಕೂರಿಸಿ ಉಸಿರಾಟ ಕಲಿಸೋದು. ನಾನೇನು ಬೇಡ ಅಂದೋಳಲ್ಲ. ಪಟಾಕಿಗೂ ಅದು ಇಷ್ಟ. ಮನೇಲಿ ಮಲಗಿ ಹೊಟ್ಟೆ ಮೇಲೆ ಗೊಂಬೆ ಇಟ್ಟುಕೊಂಡು, ಅದು ಏರೋದು ಇಳಿಯೋದು ನಮಗೂ ತೋರಿಸ್ತಾಳೆ.

ನಾನು ಹೋದಾಗ ಮಕ್ಕಳು ಗೋಡೆ ಪಕ್ಕ ಸಾಲಾಗಿ ಕೂತಿದ್ದರು. ಒಂದು ಮಗುವಿನ ರೆಪ್ಪೆ ಕೆಳಗೆ ಸಣ್ಣ ಗೀರು. ಪಟಾಕಿ ಮೂಲೇಲಿ ಒಬ್ಬಳೇ, ಮುಖ ಊದಿಸಿಕೊಂಡು ನಿಂತಿದ್ದಳು.

"ಕಣ್ಣು ಮುಚ್ಚಿ ಅಂದ್ರೆ ಇವಳು ಮುಚ್ಚಲ್ಲ," ಅಂದ್ರು ಉಸಿರು ಮಿಸ್. ಅವರ ದನಿ ಎಷ್ಟು ಮೆತ್ತಗೆ ಅಂದ್ರೆ, ಜಗಳ ಆಡೋಕೂ ಹತ್ತಿರ ಹೋಗಬೇಕು. "ಅದು ಸಾಲದು ಅಂತ ಬೇರೆ ಮಕ್ಕಳ ರೆಪ್ಪೆ ಹಿಡಿದು ಎಳೀತಾಳೆ. ಇವತ್ತು ಆ ಮಗುವಿನ ಕಣ್ಣೇ ಹೋಗ್ತಿತ್ತು. ಸ್ವಲ್ಪ ದಿನ ಇವಳನ್ನ ಮನೇಲೇ ಇಟ್ಕೊಳ್ಳಿ ಅಮ್ಮಾ."

"ಮನೇಲಿ ಯಾರ ಹತ್ರ ಬಿಡಲಿ, ಗೋಡೆ ಹತ್ರಾನಾ? ಇವಳು ಕಣ್ಣು ಮುಚ್ಚದಿದ್ರೆ ನಿಮ್ಮ ಉಸಿರೇನು ನಿಂತುಹೋಗುತ್ತಾ?"

ಶಿಶುವಿಹಾರದ ಟೀಚರು ನಡುವೆ ಬಂದ್ರು. "ಜಗಳ ಬೇಡ ಅಜ್ಜಿ, ನೀವೇ ಹೇಳಿ ನೋಡಿ. ನಿಮ್ಮ ಮಾತು ಕೇಳ್ತಾಳೆ."

ಸರಿ, ತೋರಿಸೇಬಿಡೋಣ ಅಂತ ಚಾಪೆ ಮೇಲೆ ಕೂತೆ. ಮಂಡಿ ಲಟ್ ಅಂತು, ಮಕ್ಕಳು ಕಿಸಕ್ಕನೆ ನಕ್ಕವು. "ನೋಡೇ ಪಟಾಕಿ, ಇಷ್ಟೇ," ಅಂತ ಕಣ್ಣು ಮುಚ್ಚಿದೆ.

ಮುಚ್ಚಿದ್ದೇ ತಡ, ದಬಕ್ಕನೆ ನನ್ನ ಮೇಲೆ ಬಿದ್ದಳು. ಎರಡೂ ಕೈಯಿಂದ ನನ್ನ ರೆಪ್ಪೆ ಎಳೆದು, "ಮುಚ್ಚಬೇಡ ಅಜ್ಜಿ! ತಾತ ಕಣ್ಣು ಮುಚ್ಚಿಬಿಟ್ರು, ಆಮೇಲೆ ಬರಲೇ ಇಲ್ಲ! ನೀನು ಮುಚ್ಚಬೇಡ!" ಅಂತ ಕಿರುಚಿದಳು.

ಅಯ್ಯೋ ದೇವರೇ. ಅವತ್ತು ಮನೆಗೆ ಬಂದವರೆಲ್ಲ ಅದೇ ಮಾತು ಆಡಿದ್ರು. ಯಜಮಾನರು ಕಣ್ಣು ಮುಚ್ಚಿಬಿಟ್ರಂತೆ, ಬೆಳಗಿನ ಜಾವ ಕಣ್ಣು ಮುಚ್ಚಿದ್ರಂತೆ. ಮಗುವಿನ ಕಿವಿಗೆ ಕೆಟ್ಟ ಮಾತು ಬೀಳಬಾರದು ಅಂತ ಎಲ್ಲರೂ ಅಷ್ಟು ನಾಜೂಕು. ಇವಳು ಪಾಪ, ಇಷ್ಟು ದಿನ ಈ ಚಾಪೆ ಮೇಲಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಉಳಿಸ್ತಿದ್ದಳು.

ಉಸಿರು ಮಿಸ್ ಮುಖ ಸಣ್ಣದಾಯ್ತು. ಪಟಾಕಿ ಪಕ್ಕ ಕೂತು, "ತಾತ ದೂರದ ಊರಿಗೆ..." ಅಂತ ಶುರು ಮಾಡಿದ್ರು.

"ಬೇಡ ಮೇಡಂ," ಅಂದೆ. "ಹಾಗಂದ್ರೆ ನಾಳೆ ಇವಳಮ್ಮ ಬಸ್ ಹತ್ತಿದ್ರೂ ಕಿರುಚ್ತಾಳೆ."

ಪಟಾಕಿಯ ಎರಡೂ ಕೈ ಹಿಡಿದುಕೊಂಡೆ. "ತಾತ ಸತ್ತುಹೋದ್ರು ಕಣೇ. ಅವರ ಗುಂಡಿಗೆ ಕೆಟ್ಟಿತ್ತು, ನಿಂತುಹೋಯ್ತು. ಕಣ್ಣು ಮುಚ್ಚಿದ್ದಕ್ಕೆ ಅಲ್ಲ."

"ಅಜ್ಜಿ, ಮಕ್ಕಳ ಮುಂದೆ ಆ ಮಾತು..." ಅಂದ್ರು ಟೀಚರು.

"ಮಕ್ಕಳ ಮುಂದೇನೇ ಹೇಳ್ತೀನಿ. ಮುಚ್ಚಿಟ್ಟಿದ್ದು ಸಾಕು. ಸತ್ತವರು ನನ್ನ ಗಂಡ."

ಪಟಾಕಿ ನನ್ನನ್ನೇ ನೋಡಿದಳು. ಆಮೇಲೆ ಅತ್ತಳು ನೋಡಿ, ಬೀದಿಗೆಲ್ಲ ಕೇಳೋ ಹಾಗೆ. ತಾತ ಹೋದಾಗಿಂದ ಒಂದು ಸಲವೂ ಅತ್ತಿರಲಿಲ್ಲ. ಉಸಿರು ಮಿಸ್ ಸಮಾಧಾನ ಮಾಡೋಕೆ ಕೈ ಚಾಚಿದ್ರು. "ಅಳಲಿ ಬಿಡಿ," ಅಂದೆ. ನನಗೂ ತಡೆಯೋಕಾಗಲಿಲ್ಲ, ಎಲ್ಲರೆದುರೇ ಗೊಳೋ ಅಂತ ಅತ್ತೆ. ನಾಚಿಕೆ ಯಾಕೆ, ನಲವತ್ತು ವರ್ಷ ಜೊತೇಲಿ ಬಾಳಿದೋಳು ನಾನು.

ಕಣ್ಣೊರೆಸಿಕೊಂಡು ಎದ್ದು ನಿಂತೆ. "ಇವಳು ನಾಳೆ ಬರ್ತಾಳೆ. ನಾಡಿದ್ದೂ ಬರ್ತಾಳೆ. ಕಣ್ಣು ಬಿಟ್ಕೊಂಡೇ ಕೂರ್ತಾಳೆ. ಯಾರು ತೆಗೀತೀರೋ ನಾನೂ ನೋಡ್ತೀನಿ."

ಟೀಚರು ಉಸಿರು ಮಿಸ್ ಕಡೆ ನೋಡಿದ್ರು. "ಬರಲಿ," ಅಂದ್ರು ಉಸಿರು ಮಿಸ್. "ಕಣ್ಣು ಬಿಟ್ಕೊಂಡೂ ಮಾಡಬಹುದು. ಎಲ್ಲರೂ ಹಾಗೇ ಮಾಡೋಣ. ಇದು ನನಗೇ ಹೊಳೀಬೇಕಿತ್ತು." ಒಳ್ಳೆ ಹೆಂಗಸೇ, ಸುಮ್ಮನೆ ಹೇಳಬಾರದು.

ಅಷ್ಟರಲ್ಲಿ ಪಟಾಕಿ ನನ್ನ ಕೈ ಜಗ್ಗಿದಳು. "ಅಜ್ಜಿ, ನೀನೂ ಸಾಯ್ತೀಯಾ?"

ಬೇಡ ಬೇಡ ಅಂತ ಟೀಚರು ಹಿಂದಿನಿಂದ ಕೈಸನ್ನೆ ಮಾಡಿದ್ರು. ಮಕ್ಕಳೆಲ್ಲ ನನ್ನ ಬಾಯನ್ನೇ ನೋಡ್ತಿದ್ದವು.

"ಸಾಯ್ತೀನಿ ಕಣೇ, ಯಾವತ್ತೋ ಒಂದಿನ," ಅಂದೆ. "ಆದ್ರೆ ಅಷ್ಟು ಸುಲಭಕ್ಕೆ ಬಗ್ಗೋಳಾ ನಾನು? ಇವತ್ತೇ ಸಾವು ಬಾಗಿಲಿಗೆ ಬಂತು ಅಂತಿಟ್ಕೋ, ಅದರ ಕಿವಿ ಹಿಂಡಿ ವಾಪಸ್ ಕಳಿಸ್ತೀನಿ."

ಪಟಾಕಿ ಬಿಕ್ಕುತ್ತಾನೇ ನನ್ನ ಸೆರಗಿಗೆ ಮೂಗು ಒರೆಸಿಕೊಂಡಳು.

"ಒಂದು ಕಿವಿ ನೀನು ಹಿಂಡು," ಅಂದಳು. "ಇನ್ನೊಂದು ನಂಗಿರಲಿ."