ಮುನ್ನೂರು ಸಹಿ

“ನಿಮ್ಮ ಯಜಮಾನ್ರು ಸತ್ತಿಲ್ಲ ಕಣಮ್ಮಾ,” ಎಂದ ಖಜಾನೆಯ ಗುಮಾಸ್ತ, ಕನ್ನಡಕವನ್ನು ಹಣೆಗೇರಿಸಿ. “ಸತ್ತಿದ್ರೆ ಸೈನ್ ಹೆಂಗೆ ಹಾಕೋರು?”

ಕಂಬಿಯ ಈಚೆ ನಿಂತಿದ್ದ ಶರ್ಫುನ್ನೀಸಾ ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ ಅವನ ಮುಖವನ್ನೇ ನೋಡಿದರು. ಚನ್ನಪಟ್ಟಣದ ಉರ್ದು ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದ ಅವರ ಗಂಡ ಗೌಸ್ ಮೇಷ್ಟರು ಜುಲೈ ಹನ್ನೊಂದನೇ ತಾರೀಖು ಮಧ್ಯಾಹ್ನದ ನಮಾಜು ಮುಗಿಸಿ ಬಂದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಈಗ ನವೆಂಬರು. ಮರಣ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಈ ಕಂಬಿಯ ಮುಂದೆ ಅವರು ನಿಲ್ಲುತ್ತಿರುವುದು ಆರನೇ ಸಲ. ಮರಣ ಪತ್ರ ತೋರಿಸಿದ ದಿನವೇ ಗಂಡನ ಪಿಂಚಣಿ ನಿಂತಿತ್ತು, ಹೆಂಡತಿಗೆ ಬರಬೇಕಾದ ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಮನೆಯಲ್ಲಿ ಮಗಳು ರಹೀಮಾ ಬೊಂಬೆಗಳಿಗೆ ಅರಗಿನ ಬಣ್ಣ ಹಾಕಿ ತಂದದ್ದರಲ್ಲಿ ಒಲೆ ಉರಿಯುತ್ತಿತ್ತು.

ಪಕ್ಕದಲ್ಲಿ ನಿಂತಿದ್ದವರು ‘ಗುರುಬಂಧು’ ನಿವೃತ್ತ ಉಪಾಧ್ಯಾಯರ ಸಂಘದ ಕಾರ್ಯದರ್ಶಿ ಬೋರಲಿಂಗಯ್ಯನವರು. ‘ಖಜಾನೇಲಿ ನನ್ನ ಮುಖ ಕಂಡ್ರೆ ಫೈಲು ತಾನೇ ಎದ್ದು ಬತ್ತದೆ’ ಎಂದು ಆಕೆಯನ್ನು ಕರೆತಂದಿದ್ದರು. ಫೈಲು ಬಂದಿತ್ತು, ನಿಜ. ಗುಮಾಸ್ತ ಅದರೊಳಗಿಂದ ಒಂದು ಉದ್ದನೆಯ ಹಾಳೆ ತೆಗೆದು ಬೆರಳಿಟ್ಟ.

“ಸೆಪ್ಟೆಂಬರ್ ಐದು, ನಿಮ್ಮ ಸಂಘದ ಮನವಿ. ನೂರಾ ನಲವತ್ತೇಳನೇ ಹೆಸರು, ಎಂ. ಗೌಸ್. ಪಿಂಚಣಿ ನಂಬರ್ ಸರಿಯಾಗೈತೆ, ಸೈನ್ ಐತೆ, ಕೆಳಗೆ ತಾರೀಖೂ ಐತೆ. ತಲೆ ಮೇಲೆ ಏನ್ ಬರ್ದಿದೀರಿ ಮೇಷ್ಟ್ರೆ? ‘ಸಭೆಯಲ್ಲಿ ಖುದ್ದು ಹಾಜರಿದ್ದು ಸಹಿ ಮಾಡಿದ್ದೇವೆ.’ ಜುಲೈನಲ್ಲಿ ಹೋದೋರು ಸೆಪ್ಟೆಂಬರ್‌ನಲ್ಲಿ ಖುದ್ದು ಹಾಜರಾಗೋದು ಹೆಂಗೆ?”

ಬೋರಲಿಂಗಯ್ಯ ಬಗ್ಗಿ ನೋಡಿದರು. ತಾವೇ ಮೂವತ್ತೆಂಟು ವರ್ಷ ಕರಿಹಲಗೆಯ ಮೇಲೆ ತೀಡಿದ ಅದೇ ದುಂಡು ಅಕ್ಷರ. ತಾರೀಖು ಹಾಕದೆ ಅವರು ಜನ್ಮದಲ್ಲಿ ಒಂದು ಸಹಿಯನ್ನೂ ಬಿಟ್ಟವರಲ್ಲ. ಕಳ್ಳಸಹಿಗೂ ಅಷ್ಟೇ ಅಚ್ಚುಕಟ್ಟಾಗಿ ತಾರೀಖು ಹಾಕಿದ್ದರು.

“ಇದು ನಮ್ಮೋರ ಸೈನಲ್ಲ,” ಎಂದರು ಶರ್ಫುನ್ನೀಸಾ. “ಅವ್ರು ಉರ್ದೂನಲ್ಲೇ ಹಾಕೋದು. ನಿಮ್ಮ ಪುಸ್ತಕ ತೆಗ್ದು ನೋಡ್ಕಳಿ.”

“ನೀವು ಹೇಳುದ್ರೆ ಆಗಲ್ಲಮ್ಮ. ಸಂಘದೋರು ಬರ್ದು ಕೊಡ್ಲಿ, ಇದು ಗೌಸ್ ಸಾಹೇಬ್ರು ಹಾಕಿದ್ದಲ್ಲ, ಇಂಥೋರು ಹಾಕಿದ್ದು ಅಂತ. ಬಂದ ದಿನವೇ ನಿಮ್ಮ ಪೆನ್ಷನ್ ಶುರು ಮಾಡ್ತೀನಿ.”

“ಎಲ್ಲೋ ಒಸಿ ಕಣ್ತಪ್ಪಾಗೈತೆ,” ಎಂದರು ಬೋರಲಿಂಗಯ್ಯ, ಬೆವರೊರೆಸಿಕೊಳ್ಳುತ್ತ. “ಭಾನುವಾರ ಕಮಿಟಿ ಐತೆ. ಅಲ್ಲಿಟ್ಟು ಸರಿ ಮಾಡುಸ್ತೀನಿ.”

ಈ ಸಂಘ ಮೊದಲಿಗೆ ಇಷ್ಟು ಕೆಟ್ಟದಾಗಿರಲಿಲ್ಲ ಎಂದು ಒಪ್ಪಬೇಕು. ಹಿಂದೊಮ್ಮೆ ಕನಕಪುರದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಾಲ್ಕು ಮುದುಕರು ಕುಳಿತಿದ್ದಾಗ, ತಮ್ಮ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನ ಮೊನ್ನೆ ನಿವೃತ್ತನಾಗಿ ತಮಗಿಂತ ಹೆಚ್ಚು ಪಿಂಚಣಿ ಪಡೆಯುತ್ತಿದ್ದಾನೆಂದು ಗೊತ್ತಾಗಿ ಹೊಟ್ಟೆ ಉರಿದುಕೊಂಡರು. ಆ ಉರಿಯಿಂದಲೇ ಸಂಘ ಹುಟ್ಟಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮನೆಮನೆ ಸುತ್ತಿದರು. ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಬೆಂಗಳೂರಿಗೆ ಹೋಗಿ ಕಚೇರಿಗಳ ಮೆಟ್ಟಿಲ ಮೇಲೆ ಕುಳಿತರು. ಯಾರಾದರೂ ಆಸ್ಪತ್ರೆ ಸೇರಿದರೆ ಸರದಿಯ ಮೇಲೆ ಹೋಗಿ ಕಾಯ್ದರು. ಒಂದೆರಡು ಬೇಡಿಕೆ ಈಡೇರಿದ್ದೂ ಹೌದು. ಈಡೇರಿದ ಸಂತೋಷಕ್ಕೆ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ಅಲ್ಲಿಗೆ ಮುಗಿಯಿತು. ಶಾಲಿನ ರುಚಿ ಹತ್ತಿದ ಮೇಲೆ ಪಿಂಚಣಿಯ ಮಾತು ‘ಇತರೆ ವಿಷಯ’ವಾಯಿತು.

ಈ ವರ್ಷ ಅಧ್ಯಕ್ಷ ನಂಜುಂಡಯ್ಯನವರು ಮಂತ್ರಿಗಳನ್ನು ಸಮಾರಂಭಕ್ಕೆ ಒಪ್ಪಿಸಿ, ‘ಮುನ್ನೂರು ಜನರಿದ್ದೇವೆ’ ಎಂದು ಮಾತು ಕೊಟ್ಟು ಬಂದಿದ್ದರು. ಮಂತ್ರಿಗಳಿಗೂ ಖಜಾನೆಗೂ ಕೊಡುವ ಮನವಿಗೆ ಸಹಿ ಎಣಿಸಿದರೆ ನಲವತ್ತೊಂದು ಕಡಿಮೆ ಬಿತ್ತು. ಬೇರೆಯವರಾಗಿದ್ದರೆ ಇನ್ನೂರ ಐವತ್ತೊಂಬತ್ತು ಎಂದು ಬರೆದು ಸುಮ್ಮನಾಗುತ್ತಿದ್ದರು. ಆದರೆ ಇವರು ಮೇಷ್ಟರುಗಳು. ಮಕ್ಕಳ ಸಂಖ್ಯೆ ಇಳಿದರೆ ಶಾಲೆಯ ಒಂದು ಹುದ್ದೆ ಹೋಗುತ್ತಿದ್ದ ಕಾಲದಲ್ಲಿ, ರೇಷ್ಮೆ ರಾಟೆ ತಿರುಗಿಸಲು ಹೋದ ಹುಡುಗರಿಗೂ ಮೇಕೆ ಕಾಯಲು ಹೋದ ಹುಡುಗಿಯರಿಗೂ ವರ್ಷಗಟ್ಟಲೆ ಹಾಜರಿ ಹಾಕಿ, ಇನ್‌ಸ್ಪೆಕ್ಟರ್ ಬಂದ ದಿನ ಪಕ್ಕದೂರಿನ ಶಾಲೆಯಿಂದ ಮಕ್ಕಳನ್ನು ಕಡ ತಂದು ಕೂರಿಸಿದ ಕೈಗಳು. ಹಾಜರಿ ಪುಸ್ತಕದಲ್ಲಿ ಇಲ್ಲದವರನ್ನು ತುಂಬಿಸುವುದು ಅವರಿಗೆ ತಪ್ಪೆಂದೇ ತೋರುತ್ತಿರಲಿಲ್ಲ. ಬೋರಲಿಂಗಯ್ಯ ಒಂದು ಮಧ್ಯಾಹ್ನ ಕುಳಿತು, ತೀರಿಕೊಂಡ ನಲವತ್ತೊಂದು ಜನರ ಸಹಿಯನ್ನೂ ಬೇರೆ ಬೇರೆ ಪೆನ್ನಿನಲ್ಲಿ ಹಾಕಿ ಮುಗಿಸಿದರು. ಗೌಸ್ ಮೇಷ್ಟರಿಗೆ ಜುಲೈ ಸಭೆಯಲ್ಲಿ ಎರಡು ನಿಮಿಷ ಮೌನ ಆಚರಿಸಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದದ್ದೂ ಅವರೇ.

ಭಾನುವಾರದ ಸಭೆ ಎಂದಿನಂತೆ ಪ್ರಾಥಮಿಕ ಶಾಲೆಯೊಂದರ ಒಂದನೇ ತರಗತಿಯ ಕೋಣೆಯಲ್ಲಿ ಸೇರಿತು. ಹಿರಿಯರೆಲ್ಲ ಮಕ್ಕಳ ಬೆಂಚಿನ ಮೇಲೆ ಮಂಡಿಯನ್ನು ಎದೆಗೆ ಆನಿಸಿಕೊಂಡು ಕುಳಿತರು. ಮಂತ್ರಿಗಳಿಗೆ ಗುಲಾಬಿ ಹಾರವೋ ಗಂಧದ ಹಾರವೋ ಎಂಬುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹಾರ ಹಾಕುವ ಸಾಲಿನಲ್ಲಿ ಮಾಗಡಿಯವರು ನಾಲ್ಕನೆಯವರಾಗಿ ಯಾಕೆ ನಿಲ್ಲಬೇಕು ಎಂದು ಮಾಗಡಿಯ ಹನುಮಂತಯ್ಯನವರು ಮುನಿಸಿಕೊಂಡದ್ದಕ್ಕೆ ಇನ್ನರ್ಧ ಗಂಟೆ. ಕೊನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಬಂದ ಮೇಲೆ, ಬೋರಲಿಂಗಯ್ಯ ಶರ್ಫುನ್ನೀಸಾರ ವಿಷಯ ಎತ್ತಿದರು.

“ಒಂದು ಹೆಸ್ರು ಸುಳ್ಳು ಅಂತ ಬರ್ದುಕೊಟ್ರೆ ಮಿಕ್ಕಿದ್ ನಲವತ್ತನ್ನೂ ಕೆದಕ್ತಾರೆ ಕಣಯ್ಯಾ,” ಎಂದರು ನಂಜುಂಡಯ್ಯ. ಸೆಕೆಯಲ್ಲೂ ಅವರ ಹೆಗಲ ಮೇಲೆ ಸನ್ಮಾನದ ಶಾಲು ಇತ್ತು. “ಮಂತ್ರಿಗಳ ಮುಂದೆ ಮಾನ ಉಳೀತದಾ? ಆಯಮ್ಮ ನಾಕು ತಿಂಗ್ಳು ತಡೆದೋರು ಇನ್ನೆರಡು ತಿಂಗ್ಳು ತಡೀಲಿ. ಬೇಕಾದ್ರೆ ವೇದಿಕೆಗೆ ಕರ್ದು ಒಂದು ಶಾಲು ಹೊದಿಸ್ಬುಡಾನ.”

“ಅದೆಂಗಾದದು?” ಎಂದರು ಹನುಮಂತಯ್ಯ, ನಶ್ಯ ಏರಿಸುತ್ತ. “ಪಟ್ಟೀಲಿ ಗೌಸು ಬದ್ಕವ್ನೆ. ಗಂಡ ಬದ್ಕಿರೋ ಹೆಂಗ್ಸಿಗೆ ದಿವಂಗತರ ಹೆಂಡ್ತಿ ಅಂತ ಶಾಲು ಹೊದಿಸಾಕಾದದಾ?”

ಯಾರೂ ನಗಲಿಲ್ಲ. ಅದೂ ನಿಜವೇ ಎಂದು ತಲೆದೂಗಿದರು. ಹಾಗಾದರೆ ಶಾಲು ಬೇಡ, ಹಣ್ಣಿನ ಬುಟ್ಟಿಯನ್ನು ಮನೆಗೇ ಕಳಿಸೋಣ ಎಂದು ಒಬ್ಬರೆಂದರು. ಬುಟ್ಟಿಯನ್ನು ಯಾವ ಬಾಬ್ತಿನಲ್ಲಿ ತೋರಿಸುವುದು ಎಂದು ಇನ್ನೊಬ್ಬರು ಕೇಳಿದರು.

ಉಪ್ಪಿಟ್ಟು ಹಂಚುತ್ತಿದ್ದವರು ಅಂಬುಜಮ್ಮ. ಅವರೂ ಮೂವತ್ತು ವರ್ಷ ಪಾಠ ಮಾಡಿದವರೇ. ಸಮಿತಿಯಲ್ಲಿ ಮಹಿಳಾ ಪ್ರತಿನಿಧಿ ಎಂಬ ಹೆಸರು, ಪ್ರಾರ್ಥನೆ ಹಾಡುವ ಮತ್ತು ತಟ್ಟೆ ಹಂಚುವ ಕೆಲಸ. ಅವರು ಸೌಟನ್ನು ಪಾತ್ರೆಗೆ ಹಾಕಿದರು.

“ಆ ಸೈನ್ ಹಾಕ್ದೋರು ಯಾರು ಅಂತ ಒಂದು ಮಾತು ಕೇಳ್ರಪ್ಪ. ಮುಗೀತದೆ.”

ಯಾರೂ ಕೇಳಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಬೋರಲಿಂಗಯ್ಯ ತಲೆ ತಗ್ಗಿಸಿ ಉಪ್ಪಿಟ್ಟಿನಿಂದ ಕರಿಬೇವು ಆರಿಸತೊಡಗಿದರು.

“ಥೂ,” ಎಂದರು ಅಂಬುಜಮ್ಮ. “ನಿಮ್ಮ ಕೈಲೂ ಅಕ್ಷರ ಕಲ್ತವಲ್ಲ, ಆ ಮಕ್ಕಳಿಗೆ ಕೈ ಮುಗೀಬೇಕು.” ಚೀಲ ತೆಗೆದುಕೊಂಡು ಹೊರಟುಹೋದರು. ಪಾಯಸ ಹಂಚುವುದು ಇನ್ನು ಯಾರು ಎಂದು ಸ್ವಲ್ಪ ಗಲಿಬಿಲಿಯಾಯಿತು. ‘ಈ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದು ಬೋರಲಿಂಗಯ್ಯ ಬರೆದು, ಕೆಳಗೆ ತಾರೀಖು ಹಾಕಿದರು.

ಮಂಗಳವಾರ ಬೆಳಿಗ್ಗೆ ಶರ್ಫುನ್ನೀಸಾ ರಾಮನಗರದ ಐಜೂರಿನಲ್ಲಿದ್ದ ಬೋರಲಿಂಗಯ್ಯನವರ ಮನೆಗೆ ಬಂದರು. ಮನೆಯ ಗುರುತು ಹೇಳಿದ್ದು ಅಂಬುಜಮ್ಮ. ಸಹಿ ಹಾಕಿದ ಕೈ ಯಾವುದೆಂದು ಹೇಳಿದ್ದೂ ಅವರೇ. ಕುರ್ಚಿ ತೋರಿಸಿದರೂ ಕೂರದೆ, ಗೆರೆಯ ಹಾಳೆಯೊಂದನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟರು.

“ಬರ್ಕಳಿ ಮೇಷ್ಟ್ರೆ.”

“ನಾನೊಬ್ನೇ ಬರ್ಕೊಡಕಾಗಲ್ಲ ತಾಯಿ. ಸಭೆ ತೀರ್ಮಾನ ಆಗ್ಬೇಕು.”

“ಸಭೆ ಹತ್ರ ಬಂದಿಲ್ಲ ನಾನು. ನಿಮ್ಮ ಹತ್ರ ಬಂದಿದೀನಿ.”

“ನಾನೇನು ದುಡ್ಡು ತಿಂದ್ನಾ?” ಬೋರಲಿಂಗಯ್ಯನವರ ದನಿ ಏರಿತು. “ಸಂಘದ ಬಲಕ್ಕೋಸ್ಕರ ಮಾಡ್ದೆ. ಗೌಸ್ ಸಾಹೇಬ್ರ ಮೇಲೆ ನಮಗೆ ಅಷ್ಟು ಅಭಿಮಾನ. ಅವ್ರು ಇವತ್ತಿಗೂ ನಮ್ಮ ಜೊತೇಲೇ ಅವ್ರೆ ಅಂತ್ಲೇ ನಾವೆಲ್ಲ...” ಹೇಳುತ್ತ ಹೇಳುತ್ತ ಆ ಮಾತು ಅವರಿಗೇ ಹಿಡಿಸಿತು. ಕಣ್ಣು ಸ್ವಲ್ಪ ತೇವವೂ ಆಯಿತು.

“ಅಷ್ಟು ಅಭಿಮಾನ ಇದ್ದಿದ್ರೆ ಮಣ್ಣಿಗೆ ಬರ್ತಿದ್ರಿ,” ಎಂದರು ಶರ್ಫುನ್ನೀಸಾ. “ಸಾಯಂಕಾಲದವರ್ಗೂ ಮಯ್ಯತ್ತು ಇಟ್ಕೊಂಡು ಕಾದ್ವಿ. ಸಂಘದಿಂದ ಒಬ್ಬರೂ ಬರ್ಲಿಲ್ಲ.”

ಆ ಸಂಜೆ ಬೋರಲಿಂಗಯ್ಯನವರು ಬೇರೊಂದು ಸನ್ಮಾನದ ಶಾಮಿಯಾನಕ್ಕೆ ಚೌಕಾಸಿ ಮಾಡುತ್ತಿದ್ದರು. ಕಾಫಿ ತಂದ ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಲೋಟಗಳನ್ನು ಮೇಜಿನ ಮೇಲಿಟ್ಟು ಗಂಡನ ಕಡೆ ನೋಡದೆ ಹೇಳಿದರು: “ಬರ್ಕೊಡಿ ಅತ್ಲಾಗೆ. ನಾಳೆ ನಾನೂ ಅದೇ ಕಂಬಿ ಮುಂದೆ ನಿಂತ್ಕೋಬೇಕಾದೋಳು.”

ಬೋರಲಿಂಗಯ್ಯ ಪೆನ್ನು ತೆಗೆದುಕೊಂಡರು. ಶರ್ಫುನ್ನೀಸಾ ನಿಂತೇ ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ಮೂವತ್ತೆಂಟು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳಿಕೊಟ್ಟವರು ಈಗ ತಾವೇ ಹಿಂದಿನ ಬೆಂಚಿನ ಹುಡುಗನಂತೆ ಬಗ್ಗಿ ಕುಳಿತಿದ್ದರು. ಮುಗಿದ ಮೇಲೆ, “ಓದಿ,” ಎಂದರು ಆಕೆ. ಕನ್ನಡ ಓದಲು ಅವರಿಗೆ ಬರುತ್ತಿರಲಿಲ್ಲ.

“ಸದರಿ ಸಹಿಯನ್ನು ಬೋರಲಿಂಗಯ್ಯನಾದ ನಾನು ಪ್ರಮಾದವಶಾತ್ ಮಾಡಿರುತ್ತೇನೆ...”

“ಆ ಮಾತು ನಾನು ಹೇಳ್ಲಿಲ್ಲ. ಏನದು, ಪ್ರಮಾದ?”

“ಅದು... ಗೊತ್ತಿಲ್ದೆ ಆಗೋಯ್ತು ಅಂತ.”

“ಗೊತ್ತಿದ್ದೇ ಮಾಡಿದ್ರಿ. ಹೊಡ್ದಾಕಿ.”

ಬೋರಲಿಂಗಯ್ಯ ಹೊಡೆದುಹಾಕಿದರು. ಆಕೆ ಇನ್ನೊಮ್ಮೆ ಓದಿಸಿ ಕೇಳಿ, ಹಾಳೆ ಮಡಚಿ ಪ್ಲಾಸ್ಟಿಕ್ ಕವರಿಗೆ ಸೇರಿಸಿದರು. ವೆಂಕಟಲಕ್ಷ್ಮಮ್ಮನ ಕೈಯನ್ನೊಮ್ಮೆ ಮುಟ್ಟಿ ಹೊರಟರು. ಕಾಫಿ ಕುಡಿಯಲಿಲ್ಲ.

ಗುಮಾಸ್ತ ಮಾತಿಗೆ ತಪ್ಪಲಿಲ್ಲ. ಶರ್ಫುನ್ನೀಸಾರ ಪಿಂಚಣಿಯ ಆದೇಶ ವಾರದೊಳಗೆ ಆಯಿತು. ಆದರೆ ಆ ಹಾಳೆ ಓದಿದ ಅವನ ಮೇಲಿನ ಅಧಿಕಾರಿ ಉಳಿದ ಹೆಸರುಗಳನ್ನೂ ನೋಡಿದ. ಪಟ್ಟಿಯಲ್ಲಿರುವ ಮುನ್ನೂರು ಜನವೂ ಹದಿನೈದು ದಿನದಲ್ಲಿ ಖುದ್ದು ಬಂದು ತಾವು ಬದುಕಿರುವುದನ್ನು ತೋರಿಸಬೇಕು, ಪ್ರತಿಯೊಬ್ಬರನ್ನೂ ಇನ್ನೊಬ್ಬ ಪಿಂಚಣಿದಾರರು ಗುರುತಿಸಿ ಸಹಿ ಹಾಕಬೇಕು, ಇಲ್ಲವಾದರೆ ಪಿಂಚಣಿ ನಿಲ್ಲುತ್ತದೆ ಎಂದು ನೋಟಿಸು ಬಂತು. ಸುದ್ದಿ ಕೇಳಿದ ಮಂತ್ರಿಗಳಿಗೆ ಸಮಾರಂಭದ ದಿನವೇ ಬೇರೆ ಕೆಲಸ ಬಂತು. ಕೊಂಡಿಟ್ಟ ಶಾಲುಗಳು ನಂಜುಂಡಯ್ಯನವರ ಅಟ್ಟ ಸೇರಿದವು.

ಡಿಸೆಂಬರಿನ ಮೊದಲ ವಾರ ನಾಲ್ಕು ತಾಲ್ಲೂಕಿನ ಮೇಷ್ಟರುಗಳೂ ಖಜಾನೆಯ ಅಂಗಳದಲ್ಲಿ ಬಿಸಿಲಿಗೆ ಸಾಲು ನಿಂತರು. ಹಿಂದಿನವರು ಮುಂದಿನವರನ್ನು ಗುರುತಿಸುತ್ತ, ಮುಂದಿನವರು ಹಿಂದಿನವರಿಗೆ ಸಹಿ ಹಾಕುತ್ತ ಸಾಲು ಸಾಗುತ್ತಿತ್ತು. ಕಳ್ಳ ಹಾಜರಿಯ ಮೇಲೆ ಒಂದು ಕಾಲು ಊರಿಯೇ ನೌಕರಿ ಮಾಡಿದವರೆಲ್ಲ ಈಗ ಬೋರಲಿಂಗಯ್ಯನವರನ್ನು ಬಾಯಿಗೆ ಬಂದಂತೆ ಬೈದರು. ಬೈದದ್ದು ಸಹಿ ಹಾಕಿದ್ದಕ್ಕಲ್ಲ, ಹಾಕಿದೆನೆಂದು ಬರೆದುಕೊಟ್ಟದ್ದಕ್ಕೆ.

“ಇವನ ಸತ್ಯಸಂಧತೆಗೆ ಬೆಂಕಿ ಬೀಳ,” ಎಂದರು ನಂಜುಂಡಯ್ಯ, ಎಲ್ಲರಿಗೂ ಕೇಳುವಂತೆ. “ಇಂಥೋನ್ನ ಕಾರ್ಯದರ್ಶಿ ಮಾಡಿದ್ವಲ್ಲ.”

ಹನ್ನೆರಡರ ಹೊತ್ತಿಗೆ ಬೋರಲಿಂಗಯ್ಯನವರ ಸರದಿ ಬಂತು. ಗುಮಾಸ್ತ ಅರ್ಜಿ ತಿರುವಿ ನೋಡಿದ.

“ಗುರುತಿಸೋರು ಯಾರು ಮೇಷ್ಟ್ರೆ?”

ಬೋರಲಿಂಗಯ್ಯ ತಿರುಗಿದರು. ಬೆನ್ನ ಹಿಂದೆಯೇ ಇದ್ದ ಹನುಮಂತಯ್ಯ ನಶ್ಯದ ಡಬ್ಬಿಯ ಮುಚ್ಚಳ ತೆಗೆಯಲು ತೊಡಗಿದರು. ಅವರ ಹಿಂದಿದ್ದ ನಂಜುಂಡಯ್ಯ ಸೂರಿನ ಕಡೆ ನೋಡಿದರು. ಸಾಲಿನುದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು. ಒಬ್ಬರು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು.

“ಯಾರೂ ಇಲ್ವಾ? ಇಲ್ದೇ ಇದ್ರೆ ನಾನು ಬರೆಯಂಗಿಲ್ಲ, ಸೈಡಿಗೆ ಬನ್ನಿ.”

ಪಕ್ಕದ ಕಿಟಕಿಯಲ್ಲಿ ತಮ್ಮ ಮೊದಲ ಪಿಂಚಣಿಯ ಕಾಗದ ಪಡೆಯುತ್ತಿದ್ದ ಶರ್ಫುನ್ನೀಸಾ ಇತ್ತ ನೋಡಿದರು. ಕಾಗದ ಮಡಚಿಟ್ಟುಕೊಂಡು ಸಾಲನ್ನು ಬಳಸಿ ಕಂಬಿಯ ಹತ್ತಿರ ಬಂದರು.

“ಕೊಡಿ, ನಾನು ಹಾಕ್ತೀನಿ.”

“ನಿಮಗೆ ಇವ್ರು ಗೊತ್ತೇನಮ್ಮಾ?”

ಆಕೆ ಬೋರಲಿಂಗಯ್ಯನವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. ನೋಟದಲ್ಲಿ ಕೋಪವೂ ಇರಲಿಲ್ಲ, ಕನಿಕರವಂತೂ ಇರಲೇ ಇಲ್ಲ.

“ಗೊತ್ತು. ಬೋರಲಿಂಗಯ್ಯ ಮೇಷ್ಟ್ರು. ಜೀವ ಐತೆ.”

ಗುಮಾಸ್ತ ತೋರಿಸಿದ ಕಡೆ ಸಹಿ ಹಾಕಿ, ಪೆನ್ನನ್ನು ಅವನಿಗೇ ಹಿಂದಿರುಗಿಸಿ, ಚನ್ನಪಟ್ಟಣದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದರು. ಬೋರಲಿಂಗಯ್ಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹಿಂದಿನವರು ಭುಜ ತಾಗಿಸಿ ಸರಿಸುವವರೆಗೂ ಅಲ್ಲೇ ನಿಂತಿದ್ದರು.