ಕೈ ತೋರಿಸದ ತಿಮ್ಮಪ್ಪಣ್ಣ

ಕೈ ಮೊಸರಾದರೆ ಬಾಯಿ ಕೆಸರು. ಗಾದೆ ಮಗುಚಿ ಬಿದ್ದಿದೆ ಅಂತ ಎತ್ತಲು ಹೋಗಬೇಡಿ, ಬಿದ್ದಲ್ಲೇ ಸರಿಯಾಗಿದೆ. ಇದು ಶಿರಾಲಿಯಲ್ಲಿ ನಡೆದ, ಒಗ್ಗರಣೆ ಹಾಕದ ಸತ್ಯಕಥೆ. ಹೆದ್ದಾರಿ ಪಕ್ಕದ ಅಂಗಡಿಯ ತಿಮ್ಮಪ್ಪನ ಬಲಗೈ, ಮುರಿದು ಕೂಡಿದ ಮೇಲೆ, ಹೆಪ್ಪಿಟ್ಟ ಮೊಸರಿನ ಹಾಗೆ ಅಲುಗದೆ ಹೊಟ್ಟೆಗೆ ಒರಗಿಕೊಂಡಿತ್ತು. ಕೆಸರು ಹಾರುತ್ತಿದ್ದದ್ದು ಬಾಯಿಂದ. ಅದು ಸಿಡಿಯುತ್ತಿದ್ದದ್ದು ಸುಜಯನ ಮೇಲೆ.

ಸುಜಯ ಹೊನ್ನಾವರದ ಹುಡುಗ, ಫಿಸಿಯೋಥೆರಪಿ ಓದುವವ. ಆಸ್ಪತ್ರೆ ದೂರವಿರುವ ಊರುಗಳಲ್ಲಿ ಕೆಲಸ ಕಲಿತು ಬಾ ಅಂತ ಕಾಲೇಜು ಅಟ್ಟಿತ್ತು. ಕಾಲೇಜಿನಲ್ಲಿ ಕನ್ನಡಿ, ರಾಟೆ, ರಬ್ಬರ್ ಪಟ್ಟಿ. ಇಲ್ಲಿ ಅಂಗಡಿಯ ಬೆಂಚು. "ಯಂತ್ರ ಇಲ್ಲ ಅಂತ ಗೊಣಗಬೇಡ. ಪೇಷಂಟು ದಿನಾ ಎಂತ ಮಾಡ್ತಾರೆ ನೋಡು, ಅದ್ರಲ್ಲೇ ವ್ಯಾಯಾಮ ಹುಡುಕು" ಅಂದಿದ್ದರು ಪಾಠ ಹೇಳುವ ಶರ್ಮಿಳಾ ಮೇಡಂ. ಇವತ್ತು ಅವರೇ ಪರೀಕ್ಷೆಗೆ ಬರುವವರು. ತಿಮ್ಮಪ್ಪನ ಕೈ ಏಳದಿದ್ದರೆ ಸುಜಯ ಫೇಲು.

ಮಲಗಿಸಿ ಸುಜಯ ಎತ್ತಿದರೆ ಆ ಕೈ ಸಲೀಸಾಗಿ ಕಿವಿ ಮುಟ್ಟುತ್ತಿತ್ತು. ಎದ್ದು ನಿಂತರೆ ಮಾತ್ರ ಹೊಟ್ಟೆ ಬಿಟ್ಟು ಕದಲದು. ನೋವಿಗಿಂತ ನೋವಿನ ಹೆದರಿಕೆ ದೊಡ್ಡದು.

"ತಿಮ್ಮಪ್ಪಣ್ಣ, ಆ ಬಾಳೆಗೊನೆ ಮುಟ್ಟಿ ನೋಡುವ."

"ಮುಟ್ಟೂಕೆ ನೀ ಇದ್ಯಲ್ಲ ತಮಾ. ಫೀಸಿಲ್ದ ಫಿಸಿಯೋ! ಒಂದು ಹಣ್ಣು ತಿನ್ನು, ಬಾಯಿ ಮುಚ್ಚು."

ಹೆಂಡತಿ ಸುಬ್ಬಿ ಒಳಗಿಂದಲೇ ಕೂಗಿದಳು: "ಗೊನೆ ಮೇಲಿದ್ರೆ ಇವ್ರ ಕೈ ಎಟಕೂದಿಲ್ಲ, ಗಿರಾಕಿಗಳೇ ಕಿತ್ಕಂಡು ಹೋಗ್ತಾರೆ, ಕೆಳಗೆ ಕಟ್ಟಿದ್ರೆ ದನಕ್ಕೆ ಆತು. ಬಸ್ಸಿನ ಕತೆಯಂತೂ ಕೇಳೂದೇ ಬೇಡ!"

ಸುಜಯ ಕೇಳಿಯೇ ಬಿಟ್ಟ. ಅಂಗಡಿ ಎದುರು ಸ್ಟಾಪಿಲ್ಲ. ಆದರೆ ತಿಮ್ಮಪ್ಪ ಕೈ ಎತ್ತಿದರೆ ಎಕ್ಸ್‌ಪ್ರೆಸ್ಸೂ ನಿಲ್ಲುತ್ತಿತ್ತಂತೆ. ಈಗ ಬುಟ್ಟಿ ಹೊತ್ತ ಹೆಂಗಸರು ರಸ್ತೆಯಲ್ಲೇ, ಬಸ್ಸು ಹೊನ್ನಾವರದಲ್ಲಿ. ಇದನ್ನು ಕೇಳಿದ್ದೇ ಸುಜಯನ ಗಂಟಲು ತುರಿಸತೊಡಗಿತು. ಹಿಂದೊಮ್ಮೆ ಪ್ರಿನ್ಸಿಪಾಲರ ದನಿ ಅಣಕಿಸಿ ಕಾಲೇಜಿಗೇ ರಜೆ ಕೊಟ್ಟ ಗಂಟಲು ಅದು.

ಮೇಡಂ ಬಂದು ಬೆಂಚಿನಲ್ಲಿ ಕುಳಿತರು. ತಿಮ್ಮಪ್ಪ ರಸ್ತೆಗೆ ಬೆನ್ನು ಹಾಕಿ ಎಡಗೈಯಲ್ಲಿ ಬಿಸ್ಕಿಟ್ ಡಬ್ಬಿ ಜೋಡಿಸುತ್ತಿದ್ದ. ಸುಜಯ ಚಪ್ಪಲಿ ಕಳಚಿಟ್ಟು ಮೆಲ್ಲಗೆ ತಗಡಿನ ಬೋರ್ಡಿನ ಹಿಂದೆ ಸರಿದ.

"ಪೋಂಯ್ ಪೋಂಯ್!" ಆಮೇಲೆ ಹುಬ್ಬಳ್ಳಿ ಕಡೆಯ ಕಂಡಕ್ಟರ್: "ಸ್ಟಾಪ್ ಇಲ್ರೀ ಇಲ್ಲಿ! ರೈಟ್ ರೈಟ್!" ಅದರ ಬೆನ್ನಿಗೇ ಹೆಂಗಸಿನ ದನಿ: "ಅಯ್ಯಯ್ಯೋ ತಿಮ್ಮಪ್ಪಣ್ಣಾ, ಬಸ್ಸು ಹೋತೋ!"

"ಹೋಯ್! ನಿಲ್ಸಾ!" ತಿಮ್ಮಪ್ಪ ರಸ್ತೆಯಂಚಿಗೆ ಹಾರಿದ. ಬಲಗೈ ತಲೆ ಮೇಲೆ.

ಹಾರ್ನ್ ಹೊಡೆದ ಬಸ್ಸೇನೂ ಇರಲಿಲ್ಲ. ಆದರೆ ಭಟ್ಕಳ ಕಡೆಯಿಂದ ನಿಜವಾದದ್ದೊಂದು ಬರುತ್ತಿತ್ತು. ಪರಿಚಯದ ಕೈ ಕಂಡದ್ದೇ ಡ್ರೈವರ್ ಬ್ರೇಕ್ ಒತ್ತಿದ.

"ಯಾರ್ ಹತ್ತಾವ್ರು? ಲಗೂನ ಹತ್ರೀ!" ಎಂದ ನಿಜವಾದ ಕಂಡಕ್ಟರ್. ಯಾರೂ ಹತ್ತಲಿಲ್ಲ. "ಮತ್ಯಾಕ ಕೈ ಎತ್ತೀರಿ ಯಜಮಾನ್ರ?"

"ಕೈಯಾ?" ತಿಮ್ಮಪ್ಪ ಮೇಲೆ ನೋಡಿದ. ಯಾರೋ ನೆಂಟರ ಕೈ ಹೇಳದೆ ಕೇಳದೆ ಬಂದು ನಿಂತ ಹಾಗಿತ್ತು.

ಮೇಡಂ ಓಡಿ ಬಂದರು. "ನೋವಿದ್ಯಾ? ಮೆಲ್ಲ ಇಳಿಸಿ. ಇನ್ನೊಮ್ಮೆ ಎತ್ತಿ."

"ಚೂರು ಎಳೀತದೆ, ಅಷ್ಟೇ" ಅಂತ ತಿಮ್ಮಪ್ಪ ಇಳಿಸಿದ, ಎತ್ತಿದ. ಅಷ್ಟರಲ್ಲಿ ಬೋರ್ಡಿನ ಕೆಳಗೆ ಬರಿಗಾಲು ಕಂಡಿತು. "ಓಹೋ! ಮೊದ್ಲಿನ ಬಸ್ಸು ನೀನಾ?"

"ಸುಜಯ! ಪೇಷಂಟಿಗೆ ಮೋಸ ಮಾಡೋದು ಯಾವ ಪಾಠದಲ್ಲಿದೆ?" ಮೇಡಂ ಮುಖ ಬಿಗಿಯಿತು. ಸುಜಯ ಬೋರ್ಡಿನ ಹಿಂದಿನಿಂದ ಬರಿಗಾಲಲ್ಲೇ ಹೊರಗೆ ಬಂದ.

"ಇರಿ ಮೇಡಂ, ಶಿಕ್ಷೆ ನಾ ಕೊಡ್ತೆ." ತಿಮ್ಮಪ್ಪ ಅದೇ ಬಲಗೈಯಲ್ಲಿ ಹುಡುಗನ ಕಾಲರ್ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿಸಿದ. "ಹತ್ತೂದು ಇಂವ! ಹೊನ್ನಾವರಕ್ಕೆ ಒಂದು!"

"ತಿಮ್ಮಪ್ಪಣ್ಣಾ, ನನ್ನ ಚಪ್ಪಲಿ!"

"ಪಾಸ್ ಅದ ಏನು?" ಎಂದ ಕಂಡಕ್ಟರ್.

ಸುಜಯ ದೀನನಾಗಿ ಮೇಡಂ ಕಡೆ ತಿರುಗಿದ. ಅವರ ತುಟಿ ಆಗಲೇ ಕುಣಿಯುತ್ತಿತ್ತು. "ಆತು ಮಾರಾಯ, ಪಾಸು! ಇನ್ನು ಮೇಲೆ ಹೇಳಿ ಕೇಳಿ ಮಾಡು."

ಡಬಲ್ ಬೆಲ್. ಹೊರಟ ಬಸ್ಸಿನ ಹಿಂದಿನ ಕಿಟಕಿಯಿಂದ ಸುಜಯ ನೋಡಿದ: ಸುಬ್ಬಿ ಅಂಗಡಿ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು, ಮೇಡಂ ಬೆಂಚು ಹಿಡಿದು ನಗುತ್ತಿದ್ದರು. ಆದರೆ ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿದ್ದು ತಿಮ್ಮಪ್ಪನ ನಗು. ಎರಡೂ ಕೈ ತಲೆ ಮೇಲೆತ್ತಿ ಚಪ್ಪಾಳೆ ತಟ್ಟುತ್ತ, ಅವನು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದ.