ಬಚ್ಚಲ ಬಾಗಿಲ ಪದ್ಯ

ಆ ಶಾಲೆಯಲ್ಲಿ ಉಳಿದಿದ್ದದ್ದು ಒಂದೇ ಸೀಟು. ಮಾತು ಬಾರದ, ಕರೆದರೆ ತಿರುಗದ ಮಕ್ಕಳಿಗೆಂದೇ ಇರುವ ತರಗತಿ. ಎಂಟು ಕುರ್ಚಿ, ಏಳು ಮಕ್ಕಳು. ಟೀಚರ್ ನಮ್ಮ ಅರ್ಜಿಯನ್ನು ಓದಿ, "ಡೈಪರ್ ಬಿಟ್ಟಿರ್ಬೇಕು. ತಾನಾಗಿ ಟಾಯ್ಲೆಟ್ಟಿಗೆ ಹೋಗಿ ಬರ್ಬೇಕು. ಎರಡು ತಿಂಗಳು ಕಾಯ್ತೀನಿ, ಆಮೇಲೆ ಪಟ್ಟೀಲಿರೋ ಮುಂದಿನ ಮಗು" ಎಂದರು. ಗದರುವ ದನಿಯೇನಲ್ಲ.

ನಮ್ಮವನಿಗೆ ಆಗ ಐದು ವರ್ಷ. ಒಂದೂವರೆ ವರ್ಷದವನಿದ್ದಾಗ ಮನೆ ತುಂಬ ಪಟಪಟ ಅನ್ನುತ್ತಿದ್ದ, ಅವನಪ್ಪ ಚಿನಕುರುಳಿ ಎಂದು ಕರೆದರು. ಎರಡು ತುಂಬುವ ಹೊತ್ತಿಗೆ ಆ ನಾಲ್ಕಾರು ಮಾತೂ ಒಂದೊಂದಾಗಿ ಹೋದವು. ನಾವು ಮಾತ್ರ ಚಿನಕುರುಳಿ ಎಂದೇ ಕರೆಯುತ್ತ ಬಂದೆವು.

ನಾನು ಬಟ್ಟೆ ರಿಪೇರಿ ಅಂಗಡಿಯಲ್ಲಿ ಜಿಪ್ ಹಾಕುವವಳು. ಅವನ ಚಡ್ಡಿಗಳ ಗುಂಡಿ, ಹುಕ್ಕು ಎಲ್ಲ ಕಿತ್ತು ಎಲಾಸ್ಟಿಕ್ ಹೊಲಿದೆ. ಬಚ್ಚಲ ಗೋಡೆಗೆ ಚಿತ್ರ ಅಂಟಿಸಿದೆ: ಚಡ್ಡಿ ಇಳಿಸುವುದು, ಕೂರುವುದು, ಕೈ ತೊಳೆಯುವುದು. ಅರ್ಧ ಗಂಟೆಗೊಮ್ಮೆ ಎತ್ತಿಕೊಂಡು ಹೋದೆ. ನೀರಿನ ಸದ್ದೆಂದರೆ ಅವನಿಗೆ ಕಿವಿಯೊಳಗೆ ಮೊಳೆ ಹೊಡೆದಂತೆ. ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ಕಿರುಚುವನು. ಬಿಟ್ಟೊಡನೆ ಹೊರಗೋಡಿ, ನಡುಮನೆಯಲ್ಲಿ ನಿಂತು ಒದ್ದೆ ಮಾಡಿಕೊಳ್ಳುವನು. ಮೂರು ವಾರ ನಾನು ನೆಲ ಒರೆಸಿದ್ದೇ ಬಂತು.

ಅತ್ತೆಯವರಿಗೆ ಬೆಳಿಗ್ಗೆ ಮಿಂದ ಮೇಲೆ ಪದ್ಯ ಹೇಳುವ ರೂಢಿ. ಪುಸ್ತಕವಿಲ್ಲ; ಅವರಪ್ಪ ಹೇಳುತ್ತಿದ್ದುದನ್ನು ಕೇಳಿ ಕೇಳಿ ಬಂದದ್ದು. ಆರು ಸಾಲಿನ ಪದ್ಯಗಳು. ಮೂರನೆಯ ಸಾಲು ಉದ್ದ. ಅದರ ಕೊನೆಯಲ್ಲಿ ದನಿಯನ್ನು ಎಳೆದು, ಉಸಿರು ತೆಗೆದುಕೊಂಡು ಮುಂದೆ ಹೋಗುವರು. ಬಾಯಿ ಮುಕ್ಕಳಿಸದೆ ಆ ಪದ್ಯವನ್ನು ನಾಲಿಗೆಗೆ ತಂದವರಲ್ಲ.

ಒಂದು ಬೆಳಿಗ್ಗೆ ಬಚ್ಚಲಲ್ಲಿ ನಾನೂ ಅವನೂ ಎಂದಿನಂತೆ ಸೆಣಸುತ್ತಿದ್ದೆವು. ಕೋಣೆಯಿಂದ ಪದ್ಯ ಕೇಳಿಸಿತು. ಅವನು ಕಿರುಚುವುದನ್ನು ನಿಲ್ಲಿಸಿದ. ಮೂರನೆಯ ಸಾಲು ಮುಗಿದು ಅತ್ತೆ ಉಸಿರು ತೆಗೆದುಕೊಳ್ಳುವಾಗ, ಕೂತಲ್ಲಿಂದಲೇ, ಅದೇ ಶ್ರುತಿಯಲ್ಲಿ, "ಹೂಂ" ಎಂದ. ಕೋಣೆಯಲ್ಲಿ ಸದ್ದು ನಿಂತಿತು. ಅವನು ಇನ್ನೊಮ್ಮೆ ಹೂಂಗುಟ್ಟಿದ. ಅತ್ತೆ ನಾಲ್ಕನೆಯ ಸಾಲು ಎತ್ತಿಕೊಂಡರು. ಆರು ಮುಗಿಯುವಷ್ಟರಲ್ಲಿ ಅವನ ಕೆಲಸವೂ ಆಗಿತ್ತು.

"ಅತ್ತೆ, ಇಲ್ಲೇ ಬಂದು ಹೇಳ್ತೀರಾ?"

"ಬಚ್ಚಲ ಬಾಗಿಲಲ್ಲಿ ದೇವರ ಪದ್ಯ ಹೇಳೋದಾ? ತಲೆ ನೆಟ್ಟಗಿದೆಯಾ ನಿನಗೆ?"

ಸಂಜೆ ತಾವೇ ಸ್ಟೂಲು ಎಳೆದುಕೊಂಡು ಬಂದರು. "ನಮ್ಮಪ್ಪ ಮೇಲಿಂದ ಬೈದ್ರೆ ಬೈಸ್ಕೋತೀನಿ ಬಿಡು. ಬಾಗಿಲು ಒಂಚೂರು ಮುಂದೆ ಮಾಡು, ದೇವರಿಗೆ ವಾಸನೆ ಯಾಕೆ" ಎಂದರು.

ಅಂದಿನಿಂದ ಮೂರು ವಾರ ಒಂದು ಚಡ್ಡಿಯೂ ಒದ್ದೆಯಾಗಲಿಲ್ಲ. ಅಂಗಡಿಯಲ್ಲಿ ಕಾಜಾ ಹೊಲಿಯುವ ಅಕ್ಕನಿಗೆ ಹೇಳಿದೆ. "ಅಂತೂ ನಿಮ್ಮತ್ತೆ ದೇವರನ್ನೂ ಬಚ್ಚಲ ಕಾಯೋಕೆ ಹಾಕಿದ್ರು" ಎಂದು ಅವಳು ಸೂಜಿ ಕೆಳಗಿಟ್ಟು ನಕ್ಕಳು. ನಾನೂ ನಕ್ಕೆ. ತಿಂಗಳುಗಟ್ಟಲೆಯಿಂದ ನಕ್ಕಿರಲಿಲ್ಲ.

ಪರೀಕ್ಷೆಗೆಂದು ಶಾಲೆಗೆ ಕರೆದುಕೊಂಡು ಹೋದೆವು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಆಯಾ ಮೂರು ಸಲ ಟಾಯ್ಲೆಟ್ಟಿಗೆ ಕರೆದೊಯ್ದಳು. ಮೂರು ಸಲವೂ ಅವನು ಬಾಗಿಲ ಕಡೆ ಕಿವಿಯಿಟ್ಟು ಕೂತ, ಎದ್ದು ಬಂದ. ಒಂಬತ್ತರಿಂದ ಒಂದು ಗಂಟೆಯವರೆಗೆ ಕಟ್ಟಿಕೊಂಡಿದ್ದ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಕೊನೆಗೆ ಎಲ್ಲರೆದುರು ಕಾರಿಡಾರಿನಲ್ಲಿ ಸುರಿದುಹೋಯಿತು. ತನ್ನ ಕಾಲನ್ನು ತಾನೇ ನೋಡುತ್ತ ನಿಂತಿದ್ದ.

ಟೀಚರ್‌ಗೆ ಪದ್ಯದ ವಿಷಯ ಹೇಳಿದೆ.

"ಫೋನಲ್ಲಿ ರೆಕಾರ್ಡ್ ಮಾಡಿ ಹಾಕಿದ್ರಾ?"

"ಮನೇಲಿ ಹಾಕಿ ನೋಡಿದೀನಿ ಮೇಡಂ. ಅದು ನಿಲ್ಲಲ್ಲ. ಇವನು ಹೂಂ ಅಂದ್ರೂ ತನ್ನ ಪಾಡಿಗೆ ಹೋಗ್ತಿರುತ್ತೆ. ಎತ್ತಿ ಎಸೆದ."

ಹೇಳುತ್ತಿರುವಾಗಲೇ ನನಗೆ ಅರಿವಾಯಿತು. ನಾವು ಕಲಿಸಿದ್ದೊಂದು, ಅವನು ಕಲಿತದ್ದೊಂದು. ಬಚ್ಚಲಿಗೆ ಹೋಗುವುದನ್ನು ಅವನು ಕಲಿತೇ ಇರಲಿಲ್ಲ. ಅಜ್ಜಿಯ ಜೊತೆ ಮಾತಾಡಲು ಹೋಗುತ್ತಿದ್ದ.

ಟೀಚರ್ ಅರ್ಜಿಯ ಮೇಲಿನ ತಾರೀಖು ನೋಡಿದರು. "ಇನ್ನು ಹತ್ತು ದಿನ ಇದೆ. ಕೊನೇ ಸಾಲಿಂದ ಒಂದೊಂದಾಗಿ ಬಿಡ್ತಾ ಬನ್ನಿ. ಆಮೇಲೆ ಬರೀ ಅಜ್ಜಿ, ಆಮೇಲೆ ಅಜ್ಜಿನೂ ಬೇಡ."

ಮನೆಯಲ್ಲಿ ಅತ್ತೆ ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ನಾನು ಬಾಯಿ ಮುಚ್ಕೋಬೇಕು."

"ಒಂದೇ ಸಲಕ್ಕಲ್ಲ ಅತ್ತೆ. ನಿಧಾನಕ್ಕೆ."

"ಐದು ಸಾಲು ಹೇಳಿ ಎದ್ದು ಹೋಗೋದು, ಊಟಕ್ಕೆ ಕೂತವರನ್ನ ಅನ್ನ ಕಲಸುವಾಗ ಎಬ್ಬಿಸಿದ ಹಾಗೆ ಕಣಮ್ಮ." ಆಮೇಲೆ ಗೋಡೆ ನೋಡುತ್ತ ಕೇಳಿದರು, "ಅವನ ಜೊತೆ ನನಗಿರೋದು ಅದೊಂದೇ. ನಿನಗೆ ಗೊತ್ತು ತಾನೆ?"

ಗೊತ್ತಿತ್ತು. ನನಗಂತೂ ಅದೂ ಇರಲಿಲ್ಲ. ಆ ಸೀಟು ಹೋದರೆ ಮುಂದೇನೆಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ದಿನ ಐದು ಸಾಲಿಗೆ ನಿಲ್ಲಿಸಿದರು. ಅವನು ಕಾದ. ಹೂಂಗುಟ್ಟಿದ, ಮತ್ತೆ ಹೂಂಗುಟ್ಟಿದ. ಅತ್ತೆ ಬೆರಳನ್ನು ತುಟಿಗೊತ್ತಿ ಹಿಡಿದು ಕೂತಿದ್ದರು, ದನಿ ತಪ್ಪಿ ಹೊರಬಂದೀತೆಂಬಂತೆ. ನಾಲ್ಕನೆಯ ದಿನ ಮೂರನೆಯ ಸಾಲೂ ಹೋಯಿತು. ಅವನು ಹೂಂಗುಡುವ ಜಾಗವೇ ಹೋಯಿತು. ಅಂದು ಅವನು ಹಣೆಯನ್ನು ಗೋಡೆಗೆ ಚಚ್ಚಿಕೊಂಡ. ನಾನು ನಡುವೆ ಅಂಗೈ ಒಡ್ಡಿದೆ.

ಅವನಪ್ಪ ಲಿಫ್ಟ್ ರಿಪೇರಿಯ ಕೆಲಸದವರು. ಗ್ರೀಸ್ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. "ಸಾಕು ಬಿಡಮ್ಮ. ಸೀಟು ಹೋದ್ರೆ ಹೋಗ್ಲಿ. ನೀನು ಪದ್ಯ ಹೇಳು."

ಅತ್ತೆ ಮಗನ ಕಡೆ ತಿರುಗಲಿಲ್ಲ. "ಈಗ ಐದು ವರ್ಷ, ನಾನು ಹೇಳ್ತೀನಿ. ಹದಿನೈದಾದಾಗ ಈ ಸ್ಟೂಲ್ ಮೇಲೆ ಯಾರು ಕೂರ್ತಾರೆ? ಹೋಗಿ ಕೈ ತೊಳ್ಕೋ."

ಆರನೆಯ ದಿನ ಒಂದು ಸಾಲೂ ಇರಲಿಲ್ಲ, ಅತ್ತೆ ಸುಮ್ಮನೆ ಕೂತರು. ಎಂಟನೆಯ ದಿನ ಬರೀ ಸ್ಟೂಲು. ಒಂಬತ್ತನೆಯ ದಿನ ಅದನ್ನೂ ತೆಗೆದೆ. ಅವನು ಖಾಲಿ ಜಾಗವನ್ನು ನೋಡಿದ, ಒಳಗೆ ಹೋದ, ಬಂದ. ಹತ್ತನೆಯ ದಿನ ಶಾಲೆಯಲ್ಲಿಯೂ ಹಾಗೆಯೇ ಹೋಗಿ ಬಂದ. ಟೀಚರ್ ಹಾಳೆಯ ಮೇಲೆ ಸರಿ ಗುರುತು ಹಾಕಿ ನನ್ನ ಕೈ ಕುಲುಕಿದರು. ಕಿಟಕಿಯ ಪಕ್ಕದ ಕುರ್ಚಿ ನಮ್ಮದಾಯಿತು.

ಅಂದು ಸಂಜೆ ಅತ್ತೆ ಮತ್ತೊಮ್ಮೆ ಮಿಂದು ಬಂದು ತಮ್ಮ ಕೋಣೆಯಲ್ಲಿ ಕೂತರು. ಬಾಗಿಲು ಪೂರ್ತಿ ತೆರೆದಿತ್ತು. ಹತ್ತು ದಿನ ಬೆಳಗಿನ ಪದ್ಯವನ್ನೂ ಬಾಯೊಳಗೇ ಹೇಳಿಕೊಂಡಿದ್ದವರು ಈಗ ಗಟ್ಟಿಯಾಗಿ ಎತ್ತಿದರು. ಚಿನಕುರುಳಿ ನಡುಮನೆಯಲ್ಲಿ ನನ್ನ ದಾರದ ಉಂಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಮೂರನೆಯ ಸಾಲಿನ ಕೊನೆಯನ್ನು ಅತ್ತೆ ಎಂದಿಗಿಂತ ಉದ್ದ ಎಳೆದರು. ನಿಲ್ಲಿಸಿದರು.

ನಾನು ಹೊಲಿಗೆ ಬಿಟ್ಟು ಅವನನ್ನೇ ನೋಡಿದೆ. ಅವನು ಕೆಂಪು ಉಂಡೆಯ ಪಕ್ಕ ಇನ್ನೊಂದು ಕೆಂಪು ಉಂಡೆ ಇಟ್ಟ.

ತಡೆಯಲಾರದೆ ನಾನೇ ಮೆಲ್ಲಗೆ "ಹೂಂ" ಎಂದೆ.

"ನೀನು ಸುಮ್ನಿರಮ್ಮ" ಎಂದರು ಅತ್ತೆ ಒಳಗಿನಿಂದ.

ಅವರು ಕಾದರು. ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದ. ಅತ್ತೆಯ ಬಾಗಿಲ ಮುಂದಿನಿಂದಲೇ ನಡೆದು ಬಚ್ಚಲಿಗೆ ಹೋದ. ಎಲಾಸ್ಟಿಕ್ ಇಳಿಸಿದ, ಕೂತ, ಎದ್ದ, ತಾನೇ ನೀರು ಬಿಟ್ಟ. ಆ ಸದ್ದಿಗೆ ಈಗ ಅವನು ಕಿರುಚುವುದಿಲ್ಲ.

ಅತ್ತೆ ಆ ದಿನ ನಾಲ್ಕನೆಯ ಸಾಲಿಗೆ ಹೋಗಲಿಲ್ಲ.